ಬಂಟ್ವಾಳದ ಮನೆತನ, ಬೆಲ್ಜಿಯಮ್ಮಿನ ರಸ್ತೆ

ವೇಗವೆಂಬುದು ನಮ್ಮ ಹೊಸದುರ್ಗದವರಿಗೆ ಅಷ್ಟಾಗಿ ಒಗ್ಗುವ ಮಾತಲ್ಲ. ಊರಿನ ಹೆಸರು ಹೊತ್ತ ರೈಲು ನಿಲ್ದಾಣವೇ ಊರಿನಿಂದ ಹಲವು ಮೈಲಿ ದೂರದಲ್ಲಿ ನಿಂತಿದೆ! ಆದರೂ ಈ ವಾರ ಮೋಟಾರು ಪಂದ್ಯದ ಕಥೆಯೊಂದನ್ನು ಹೇಳಬೇಕೆನಿಸಿದೆ. ಅದರ ಒಂದು ಎಳೆ ಕನ್ನಡನಾಡಿನದು.

ಪಂದ್ಯದ ಕಾರು ನಡೆಸಿದವನೇ ಮುಂದೆ ತಂಡ ಕಟ್ಟುವುದು ಇಂಗ್ಲೆಂಡಿನಲ್ಲಿ ಹಳೆಯ ವಾಡಿಕೆ. ರೇಮಂಡ್ ಮೇಸ್ 1933ರಲ್ಲಿ ಗೆಳೆಯರೊಡನೆ ಇ.ಆರ್.ಎ. ಸಂಸ್ಥೆಯನ್ನೂ, ಯುದ್ಧವಾದ ಮೇಲೆ ಬಿ.ಆರ್.ಎಂ. ತಂಡವನ್ನೂ ಕಟ್ಟಿದ. 1950ರಲ್ಲಿ ಸಿಲ್ವರ್‌ಸ್ಟನ್ನಿನಲ್ಲಿ ಬಿ.ಆರ್.ಎಂ. ಕಾರು ಹೊರಡುವ ಗಳಿಗೆಯಲ್ಲೇ ಕೆಟ್ಟು ನಿಂತಾಗ, ನೆರೆದಿದ್ದವರು ಅದರೊಳಗೆ ಚಿಲ್ಲರೆ ಕಾಸು ಎಸೆದು ಅಣಕಿಸಿದರಂತೆ. ಹನ್ನೆರಡು ವರ್ಷಗಳ ಬಳಿಕ ವಿಶ್ವಪ್ರಶಸ್ತಿ ಅದೇ ತಂಡದ ಪಾಲಾಯಿತು. ಮೋ ನನ್ ಎಂಬ ಮತ್ತೊಬ್ಬ ಚಾಲಕ ಎನ್‌ಸೈನ್ ತಂಡ ಕಟ್ಟಿದ. ಆ ತಂಡದ ಹಳೆಯ ಕಾರೊಂದು ಮದರಾಸಿನ ಬಳಿಯ ಶೋಳಾವರಕ್ಕೆ ಬಂದಿತು. ಯುದ್ಧಕಾಲದ ವಿಮಾನದಾರಿಯೇ ಅಲ್ಲಿನ ಪಂದ್ಯದ ರಸ್ತೆ. 1980ರ ದಶಕದಲ್ಲಿ ಆ ಕಾರನ್ನು ಓಡಿಸಿದವರು ಬಂಟ್ವಾಳ ಮೂಲದ ವಿಠಲ ಮಲ್ಯರ ಪುತ್ರ ವಿಜಯ ಮಲ್ಯ.

2007ರಲ್ಲಿ ಮಲ್ಯರು ಡಚ್ಚರೊಬ್ಬರ ಜೊತೆಗೂಡಿ 8 ಕೋಟಿ 80 ಲಕ್ಷ ಯೂರೋ ತೆತ್ತು ಸ್ಪೈಕರ್ ತಂಡವನ್ನು ಕೊಂಡು ‘ಫೋರ್ಸ್ ಇಂಡಿಯಾ’ ಎಂದು ಹೆಸರಿಟ್ಟರು. ಕೊಂಡವನನ್ನು ಕಟ್ಟಿದವನೆನ್ನಬಹುದೇ ಎಂದು ಯಾರಾದರೂ ಕೇಳಿಯಾರು. 1991ರಲ್ಲಿ ಈ ತಂಡವನ್ನು ಫಾರ್ಮುಲಾ ಒಂದಕ್ಕೆ ತಂದವನು ಐರ್ಲೆಂಡಿನ ಎಡ್ಡಿ ಜೋರ್ಡನ್. ಅವನೂ ಒಂದು ಕಾಲದ ಚಾಲಕ, ಅದಕ್ಕೂ ಮೊದಲು ಬ್ಯಾಂಕಿನ ಗುಮಾಸ್ತ. ಕಾರ್ಖಾನೆ, ಕೆಲಸಗಾರರು ಎಲ್ಲ ಇಂಗ್ಲೆಂಡಿನವರೇ. ಭಾರತದ್ದೆಂದರೆ ಹೆಸರು, ಹಣ, ಬಣ್ಣ. ಭಾರತೀಯ ಚಾಲಕನೊಬ್ಬನಿಗೂ ಪಂದ್ಯದಲ್ಲಿ ಆ ಕಾರನ್ನು ನಡೆಸುವ ಭಾಗ್ಯ ದೊರೆಯಲಿಲ್ಲವೆಂಬುದು ನಮಗೆ ಇಂದಿಗೂ ಕೊರತೆಯಾಗಿಯೇ ಕಾಣುತ್ತದೆ.

2008ರಲ್ಲಿ ಒಂದು ಅಂಕವೂ ಬರಲಿಲ್ಲ. ಮೊನಾಕೊದಲ್ಲಿ ಸುಟಿಲ್ ನಾಲ್ಕನೆಯವನಾಗಿ ಸಾಗುತ್ತಿದ್ದಾಗ, ಇನ್ನು ಕೆಲವೇ ಸುತ್ತು ಉಳಿದಿರುವಂತೆ, ಫೆರಾರಿಯೊಂದು ಹಿಂದಿನಿಂದ ಬಂದು ಗುದ್ದಿತು. ಮರುವರ್ಷ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಸ್ಪಾ ಪಂದ್ಯ. ಏಳು ಕಿಲೊಮೀಟರಿನ ಸುತ್ತು, ಕಾಡು, ಏರಿಳಿತ. ನೇರ ದಾರಿಯಲ್ಲಿ ಬಲು ವೇಗವಾಗಿದ್ದ ಈ ಕಾರಿಗೆ ಆ ರಸ್ತೆ ಹೇಳಿ ಮಾಡಿಸಿದಂತಿತ್ತು. ಫಿಸಿಕೆಲ್ಲಾ ಎಲ್ಲರಿಗಿಂತ ಮುಂದೆ ನಿಂತು ಹೊರಟ! ಆರಂಭದಲ್ಲೇ ಫೆರಾರಿಯ ರೈಕೊನೆನ್ ಅವನನ್ನು ದಾಟಿದನಾದರೂ, ಉಳಿದ ಸುತ್ತುಗಳುದ್ದಕ್ಕೂ ಬೆನ್ನು ಬಿಡದೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಎರಡನೆಯವನಾದ. ಒಂದು ವಾರ ಕಳೆಯುವಷ್ಟರಲ್ಲಿ ಫೆರಾರಿಯವರೇ ಅವನನ್ನು ಕರೆದುಕೊಂಡರು. ಬಡವನ ಮನೆಯ ಫಸಲು ಸಾಹುಕಾರನ ಕಣಜ ಸೇರಿದಂತೆ.

ಯಜಮಾನರ ಗತಿ ಬೇರೆಯಾಯಿತು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳ ಹಾರಾಟ ನಿಂತಿತು. ಸಂಬಳವಿಲ್ಲದೆ ತಿಂಗಳುಗಟ್ಟಲೆ ಕಳೆದ ನೌಕರರ ಸಂಕಟ ಹಲವು ಮನೆಗಳಿಗೆ ತಿಳಿದದ್ದೇ. ಬ್ಯಾಂಕುಗಳ ಸಾಲ ತೀರದೆ 2016ರಲ್ಲಿ ಮಲ್ಯರು ದೇಶ ಬಿಟ್ಟರು. 2019ರಲ್ಲಿ ನ್ಯಾಯಾಲಯ ಅವರನ್ನು ತಲೆಮರೆಸಿಕೊಂಡ ಆರ್ಥಿಕ ಅಪರಾಧಿಯೆಂದು ಘೋಷಿಸಿತು. ಸೋಜಿಗವೆಂದರೆ, 2016 ಮತ್ತು 2017ರಲ್ಲಿಯೇ ತಂಡ ನಾಲ್ಕನೆಯ ಸ್ಥಾನಕ್ಕೇರಿತ್ತು.

2018ರ ಜುಲೈಯಲ್ಲಿ ತಂಡದ ಹಣವೂ ಬರಿದಾಯಿತು. ಬಾಕಿ ಬರಬೇಕಿದ್ದ ಚಾಲಕ ಪೆರೆಜ್ ನ್ಯಾಯಾಲಯದ ಮೆಟ್ಟಿಲೇರಿದ. ತಂಡವನ್ನು ಮುಳುಗಿಸಲೆಂದಲ್ಲ, ಮುಚ್ಚಿಹೋಗದಂತೆ ಆಡಳಿತಾಧಿಕಾರಿಯ ಕೈಗೊಪ್ಪಿಸಲೆಂದು. 405 ಜನರ ಅನ್ನದ ಪ್ರಶ್ನೆ ಅದು. ಲಾರೆನ್ಸ್ ಸ್ಟ್ರೋಲ್ ಎಂಬ ಕೆನಡಾದ ಸಿರಿವಂತ ಮತ್ತವನ ಸಂಗಡಿಗರು ಕೊಂಡುಕೊಂಡರು. ಯಾರ ಕೆಲಸವೂ ಹೋಗಲಿಲ್ಲ. ಆದರೆ ಅದುವರೆಗಿನ 59 ಅಂಕಗಳು ಅಳಿಸಿಹೋದವು. ಸೊನ್ನೆಯಿಂದ ಹೊರಟ ಮೊದಲ ಪಂದ್ಯ ಮತ್ತೆ ಸ್ಪಾದಲ್ಲೇ. ಅಂದು ಅವರ ಕಾರುಗಳು ಮೂರನೆಯ, ನಾಲ್ಕನೆಯ ಸ್ಥಾನದಿಂದ ಹೊರಟು ಐದನೆಯದಾಗಿ, ಆರನೆಯದಾಗಿ ಬಂದವು. ಮರುವರ್ಷದಿಂದ ಹೆಸರಿನಲ್ಲಿ ‘ಇಂಡಿಯಾ’ ಉಳಿಯಲಿಲ್ಲ. 2021ರಿಂದ ಅದು ಆಸ್ಟನ್ ಮಾರ್ಟಿನ್ ತಂಡ.