ವಿಮಾನದ ಮೂತಿಗೊಂದು ಬಿಜಾಗರಿ

ಲಂಗಕ್ಕೆ ಲಾಡಿ ಪೋಣಿಸುವ ಕಷ್ಟ ನಮ್ಮ ಓದುಗ ಸೋದರಿಯರಿಗೆ ಹೊಸದಲ್ಲ. ಪಿನ್ನಿಗೆ ಲಾಡಿಯನ್ನು ಸಿಕ್ಕಿಸಿ ನೂಕುತ್ತ ಹೋದರೆ ಅರ್ಧ ದಾರಿಯವರೆಗೆ ಸರಾಗ. ಅನಂತರ ಎಲ್ಲಿಯೋ ಒಂದು ಹೊಲಿಗೆಗೆ ತಡೆದು ನಿಂತುಬಿಡುತ್ತದೆ. ಇದೇ ಕಷ್ಟವನ್ನು ಅಮೆರಿಕೆಯ ಗೃಹಸ್ಥರು ತಮ್ಮ ಮೋಟಾರು ಶೆಡ್ಡಿನಲ್ಲಿ ಮೊಣಕಾಲೂರಿ ಕುಳಿತು ಅನುಭವಿಸುತ್ತಾರೆಂದರೆ ನಂಬುವಿರಾ? ಅವರು ಪೋಣಿಸುವುದು ಲಾಡಿಯನ್ನಲ್ಲ, ಉಕ್ಕಿನ ಕಡ್ಡಿಯನ್ನು. ಲಂಗಕ್ಕಲ್ಲ, ತಾವೇ ಕಟ್ಟಿದ ವಿಮಾನದ ಮೂತಿಗೆ!

ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸ ಅಲ್ಲಿ ಹಳೆಯದು. ಈ ಹವ್ಯಾಸಿಗಳ ಸಂಘ 1953ರಲ್ಲಿ ಮಿಲ್ವಾಕಿ ನಗರದಲ್ಲಿ ಹುಟ್ಟಿತು. ಅದರ ವಾರ್ಷಿಕ ಮೇಳ 1970ರಲ್ಲಿ ಆಶ್ಕಾಶ್ ಎಂಬ ಊರಿಗೆ ಬಂದು ನೆಲೆನಿಂತಿತು. ಕೆಲಸದ ಹೆಚ್ಚಿನ ಪಾಲನ್ನು ಹವ್ಯಾಸಿಗಳೇ ಮಾಡಿರಬೇಕೆಂಬುದು ಅಲ್ಲಿನ ಸರ್ಕಾರದ ಕಟ್ಟಳೆ. ಆರೆಗಾನ್ ಪ್ರಾಂತದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರರು ರೂಪಿಸಿದ ಆರ್.ವಿ. ಜಾತಿಯ ವಿಮಾನಗಳೇ ಹತ್ತು ಸಾವಿರಕ್ಕೂ ಮಿಕ್ಕಿ ಆಕಾಶಕ್ಕೇರಿವೆ.

ಇಂಥ ವಿಮಾನದ ಎಂಜಿನ್ನಿನ ಹೊದಿಕೆಗೆ ಕೌಲಿಂಗ್ ಎಂದು ಹೆಸರು. ಗಾಜಿನ ನಾರು ಮತ್ತು ರಾಳದಿಂದ ಅಚ್ಚಿಳಿಸಿದ ಎರಡು ಚಿಪ್ಪುಗಳು ಅವು, ಮೇಲಿನದೊಂದು, ಕೆಳಗಿನದೊಂದು. ಎಣ್ಣೆ ಬದಲಿಸಬೇಕಾದಾಗಲೆಲ್ಲ ಬಿಚ್ಚಬೇಕು. ಹಾರುವಾಗ ಮಾತ್ರ ಅಲುಗಬಾರದು. ಮುಂದಿನ ಎರಡು ಬಾಯಿಗಳಿಂದ ನುಗ್ಗಿದ ಗಾಳಿ ಸಿಲಿಂಡರುಗಳ ಮೇಲೆ ಒತ್ತಡ ಕಟ್ಟಿಕೊಂಡು ಕೆಳಗಿಳಿಯುವುದರಿಂದ ಮೇಲಿನ ಚಿಪ್ಪು ಸದಾ ಉಬ್ಬಿ ಏಳಲೆಣಿಸುತ್ತದೆ. ಅಲ್ಲಲ್ಲಿ ತಿರುಪು ಹಾಕಿದರೆ ಎರಡು ತಿರುಪುಗಳ ನಡುವೆ ಅಂಚು ಬಾಯ್ಬಿಡುವುದುಂಟು. ಆದುದರಿಂದ ಅಂಚಿನುದ್ದಕ್ಕೂ ಪಿಯಾನೋ ಮುಚ್ಚಳಕ್ಕಿರುವಂಥ ನೀಳವಾದ ಬಿಜಾಗರಿಯನ್ನು ಕೂಡಿಸುತ್ತಾರೆ. (ಬಿಜಾಗರಿ ಎಂಬ ನಮ್ಮ ಬಡಗಿಯ ಮಾತೂ ಪೋರ್ಚುಗೀಸರಿಂದ ಬಂದುದೆನ್ನುತ್ತಾರೆ, ಹಡಗಿನಲ್ಲಿ ಬಂದದ್ದು ವಿಮಾನವೇರಿತು!) ಒಂದು ರೆಕ್ಕೆ ಒಂದು ಚಿಪ್ಪಿಗೆ, ಇನ್ನೊಂದು ರೆಕ್ಕೆ ಎರಡನೆಯ ಚಿಪ್ಪಿಗೆ ಅಥವಾ ವಿಮಾನದ ಒಡಲಿಗೆ, ಹೆಣೆದುಕೊಂಡ ಕಣ್ಣುಗಳೊಳಗೆ ಸುಮಾರು 2 ಮಿಲಿಮೀಟರು ದಪ್ಪದ ಒಂದು ಕಡ್ಡಿ. ಕಡ್ಡಿಗಳನ್ನೆಳೆದರೆ ಹೊದಿಕೆ ಕೈಗೆ ಬರುತ್ತದೆ. ಹೊರಗಿನಿಂದ ಒಂದು ಸಣ್ಣ ಗೆರೆಯ ಹೊರತು ಏನೂ ಕಾಣದು.

ನೇರವಾದ ಪಕ್ಕದ ಅಂಚಿನಲ್ಲಿ ಇದು ಸುಲಭ. ಎಂಜಿನ್ನಿಗೂ ಕುಳಿತವರಿಗೂ ನಡುವೆ ಬೆಂಕಿಯನ್ನು ತಡೆಯುವ ಗೋಡೆಯೊಂದಿರುತ್ತದಷ್ಟೆ. ಅದರ ಮೇಲೆ ಕಮಾನಾಗಿ ಬಾಗುವ ಅಂಚಿನಲ್ಲಿ ನಿಜವಾದ ಪೇಚಾಟ. ಬಿಜಾಗರಿ ಬಾಗಿದೊಡನೆ ಕಣ್ಣುಗಳ ಸಾಲು ಓರೆಯಾಗಿ, ಕಡ್ಡಿ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಸುತ್ತಿಗೆ ಎತ್ತಿದವನು ಕೆಟ್ಟ. ಕಡ್ಡಿ ಉಕ್ಕಿನದು, ಕಣ್ಣುಗಳು ಅಲ್ಯುಮಿನಿಯಮಿನವು. ಸೋಲುವುದು ಯಾವುದೆಂದು ಹೇಳಬೇಕಾಗಿಲ್ಲ. ಬಲ್ಲವರು ಬಿಜಾಗರಿಯನ್ನು ನೆತ್ತಿಯಲ್ಲಿ ಕತ್ತರಿಸಿ ಎರಡು ಗಿಡ್ಡ ಕಡ್ಡಿಗಳನ್ನು ಬಳಸುತ್ತಾರೆ. ಅಳತೆಗಿಂತ ತುಸು ತೆಳುವಾದುದನ್ನು ಆರಿಸಿ, ತುದಿಯನ್ನು ಅರದಿಂದ ಬಂದೂಕಿನ ಗುಂಡಿನಂತೆ ದುಂಡಗೆ ಉಜ್ಜಿ, ಮೇಣ ಸವರುತ್ತಾರೆ. ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿತು. ಕಡ್ಡಿಯ ಹಿಂತುದಿಯನ್ನು ಬೈರಿಗೆಗೆ ಕಚ್ಚಿಸಿ ಮೆಲ್ಲಗೆ ತಿರುಗಿಸುತ್ತ ನೂಕುವುದು. ತಿರುಗುವ ತುದಿ ಮುಂದಿನ ಕಣ್ಣನ್ನು ತಾನೇ ಹುಡುಕಿಕೊಳ್ಳುತ್ತದೆ. ಅವಸರ ಮಾತ್ರ ಸಲ್ಲದು. ವೇಗ ಹೆಚ್ಚಿದರೆ ಹೊರಗುಳಿದ ಕಡ್ಡಿ ಚಾವಟಿಯಂತೆ ಬೀಸಿ ಮುಖಕ್ಕೇ ಹೊಡೆದೀತು.

ಕಡ್ಡಿ ಒಳಗೆ ಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ; ಅದು ತಾನಾಗಿ ಹೊರಬರದಂತೆ ನೋಡಿಕೊಳ್ಳುವುದರಲ್ಲಿ ಜೀವದ ಪ್ರಶ್ನೆಯೇ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ಮಿನಿಟಿಗೆ 2,700 ಸುತ್ತು ತಿರುಗುವಾಗ ಸೆಕೆಂಡಿಗೆ 90 ಸಲ ಸಿಡಿಯುತ್ತದೆ. ಆ ನಡುಕಕ್ಕೆ ಬಂಧನವಿಲ್ಲದ ಕಡ್ಡಿ ಕೂದಲೆಳೆ ಕೂದಲೆಳೆಯಾಗಿ ಜಾರುತ್ತದೆ. ಪಕ್ಕದ ಕಡ್ಡಿಗಳನ್ನು ಅನೇಕ ವಿಮಾನಗಳಲ್ಲಿ ಮುಂದಿನ ಗಾಳಿಬಾಯಿಯಿಂದಲೇ ತೂರಿಸುತ್ತಾರೆ; ಜಾರಿ ಬಂದರೆ ಎದುರಿಗಿರುವುದು ಗಿರ್ರನೆ ತಿರುಗುವ ಪ್ರೊಪೆಲರ್! ಆದ್ದರಿಂದ ಕಡ್ಡಿಯ ತುದಿಯನ್ನು ಕುಣಿಕೆಯಾಗಿ ಬಗ್ಗಿಸಿ ತಂತಿಯಿಂದ ಬಿಗಿಯುತ್ತಾರೆ, ಇಲ್ಲವೆ ಸಣ್ಣ ತಗಡೊಂದನ್ನು ತಿರುಪಿನಿಂದ ಕೂಡಿಸುತ್ತಾರೆ. ಹಾರುವ ಮುನ್ನ ಪ್ರತಿಸಲವೂ ಬೆರಳಿಟ್ಟು ಮುಟ್ಟಿ ನೋಡುವುದು ಬಲ್ಲವರ ರೂಢಿ.

ಎಷ್ಟು ಎಚ್ಚರವಿದ್ದರೂ ಕಾಲಕ್ರಮದಲ್ಲಿ ಕಣ್ಣುಗಳು ಸವೆದು ಮುರಿಯುವುದುಂಟು. ಕಾದ ಗಾಳಿ ಹೊರಬೀಳುವ ತಳಭಾಗದ ಹತ್ತಿರ ಹೆಚ್ಚು. ಬೇಸತ್ತವರು ಬಿಜಾಗರಿಯನ್ನೇ ಕಿತ್ತು, ಕಾಲುಸುತ್ತಿಗೆ ಬಿಗಿಯುವ ಕ್ಯಾಮ್‌ಲಾಕ್ ತಿರುಪುಗಳಿಗೆ ಶರಣಾಗುತ್ತಾರೆ. ತಳಕ್ಕೆ ತಿರುಪು, ಪಕ್ಕಕ್ಕೆ ಬಿಜಾಗರಿ ಎಂಬ ನಡುದಾರಿ ನನಗೆ ಸರಿಯೆನಿಸುತ್ತದೆ.

ಅಂದಹಾಗೆ, ಎಳೆದು ತೆಗೆದ ಕಡ್ಡಿಗಳೆಲ್ಲ ನೋಡಲು ಒಂದೇ. ಎಡದ ಕಡ್ಡಿಯನ್ನು ಬಲಕ್ಕೆ ತೂರಿಸಿ ಅರ್ಧ ದಿನ ಕಳೆಯಬಾರದೆಂದು ಜಾಣರು ಒಂದರ ತುದಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣ ಹಚ್ಚಿಡುತ್ತಾರೆ.