ಭೂಮಿ ನಮ್ಮದು, ನಕ್ಷೆ ಯಾರದು?

ತಂದೆಯ ಕಾಲದ ಮೂವತ್ತು ಸೆಂಟ್ಸ್ ಜಾಗ, ಪಾಲು ಪಡೆದ ಮೂವರು ಮಕ್ಕಳು. ಅವರಲ್ಲೊಬ್ಬ ಗಲ್ಫ್‌ನಲ್ಲಿ ದುಡಿದ ಹಣದಿಂದ ಮನೆ ಕಟ್ಟಲು ಹೊರಡುತ್ತಾನೆ. ಪಂಚಾಯತ್ ಕಚೇರಿಯಲ್ಲಿ, ಮೊದಲು ಪ್ರಾಧಿಕಾರದಿಂದ ನಿವೇಶನದ ವಿನ್ಯಾಸಕ್ಕೆ ಅನುಮೋದನೆ ತನ್ನಿ ಎನ್ನುತ್ತಾರೆ. ಪ್ರಾಧಿಕಾರದಲ್ಲಿ, ನಿಮ್ಮ ಜಾಗ ನಕ್ಷೆಯಲ್ಲಿ ಕೃಷಿ ವಲಯದಲ್ಲಿದೆ ಎನ್ನುತ್ತಾರೆ. ಇಲ್ಲವೇ, ಮುಂದೆ ಬರುವ ರಸ್ತೆಗೆ ಎರಡು ಸೆಂಟ್ಸ್ ಬಿಡಬೇಕು ಎನ್ನುತ್ತಾರೆ. ಕರಾವಳಿಯ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಇಂಥ ಕುಟುಂಬಗಳಿವೆ. ಅವರೆಲ್ಲರ ಪ್ರಶ್ನೆ ಒಂದೇ: "ಇದನ್ನು ತೀರ್ಮಾನಿಸಿದವರು ಯಾರು? ನಮ್ಮನ್ನು ಕೇಳಿದರೇ?"

ಕಾನೂನಿನ ಉತ್ತರ, "ಕೇಳಿದ್ದೆವು" ಎಂಬುದು. ವಾಸ್ತವದಲ್ಲಿ ಕೇಳಿದ್ದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಈ ಎರಡರ ನಡುವಿನ ಅಂತರವೇ ಈ ಲೇಖನದ ವಿಷಯ.

ಪ್ರಾಧಿಕಾರದ ಕೆಲಸವೇನು?

ಕರ್ನಾಟಕದಲ್ಲಿ ಭೂಮಿಯ ಬಳಕೆಯನ್ನು ನಿರ್ಧರಿಸುವ ಮೂಲ ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಇದರೊಂದಿಗೆ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯೂ ಇದೆ. ಮಂಗಳೂರು, ಉಡುಪಿಯಂಥ ಕಡೆಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವೇ ಯೋಜನಾ ಪ್ರಾಧಿಕಾರವೂ ಹೌದು. ಅದರ ವ್ಯಾಪ್ತಿ ನಗರದ ಗಡಿಗೆ ನಿಲ್ಲುವುದಿಲ್ಲ. ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸಿದ ಸುತ್ತಲಿನ ಹಳ್ಳಿಗಳೂ ಅದರೊಳಗೆ ಬರುತ್ತವೆ. ಗ್ರಾಮ ಪಂಚಾಯತಿನಲ್ಲಿ ವಾಸಿಸುವವರೂ ನಗರದ ಪ್ರಾಧಿಕಾರದ ಮೆಟ್ಟಿಲೇರಬೇಕಾಗುವುದು ಇದೇ ಕಾರಣಕ್ಕೆ.

ಪ್ರಾಧಿಕಾರದ ಕೆಲಸವನ್ನು ಸ್ಥೂಲವಾಗಿ ಮೂರು ಎನ್ನಬಹುದು. ಮೊದಲನೆಯದು ಮಹಾ ಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ತಯಾರಿಸುವುದು. ಎರಡನೆಯದು ಆ ಯೋಜನೆಗೆ ಹೊಂದುವ ಅಭಿವೃದ್ಧಿಗೆ ಮಾತ್ರ ಅನುಮತಿ ಕೊಡುವುದು. ಮೂರನೆಯದು ಜಾಗವನ್ನು ತುಂಡು ಮಾಡುವಾಗ ಅಥವಾ ಲೇಔಟ್ ಮಾಡುವಾಗ ರಸ್ತೆ, ಚರಂಡಿ, ಉದ್ಯಾನಗಳಿಗೆ ಸ್ಥಳ ಬಿಡಿಸುವುದು. ಇವುಗಳಲ್ಲಿ ಮೊದಲನೆಯದೇ ಬೇರು, ಉಳಿದೆರಡು ಅದರ ಕೊಂಬೆಗಳು.

ಮಹಾ ಯೋಜನೆಯ ನಕ್ಷೆಯಲ್ಲಿ ಪ್ರತಿಯೊಂದು ಸರ್ವೆ ನಂಬರಿಗೂ ಒಂದು ಬಣ್ಣವಿರುತ್ತದೆ. ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಉದ್ಯಾನ ಹಾಗೂ ಕೃಷಿಗೆ. ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರಗಳಂಥ ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಬಳಕೆಗೆ ಕೆಂಪು. ಒಮ್ಮೆ ಬಣ್ಣ ಬಿದ್ದ ಮೇಲೆ ಆ ಜಾಗದ ಬೆಲೆ, ಬಳಕೆ, ಭವಿಷ್ಯ ಎಲ್ಲವೂ ಅದನ್ನೇ ಅವಲಂಬಿಸುತ್ತವೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕನ್ವರ್ಷನ್ ಬೇಕು. ಇತ್ತೀಚಿನ ತಿದ್ದುಪಡಿಗಳಿಂದ, ಮಹಾ ಯೋಜನೆಗೆ ಹೊಂದುವ ಭೂಮಿಗೆ ಈ ಪರಿವರ್ತನೆ ಮೊದಲಿಗಿಂತ ಸುಲಭವಾಗಿದೆ. ಆದ್ದರಿಂದ ಬಣ್ಣದ ಮಹತ್ವ ಇನ್ನಷ್ಟು ಹೆಚ್ಚಿದೆ.

ನಿಯಂತ್ರಣವೇ ಬೇಡವೇ?

ಪ್ರಾಧಿಕಾರವನ್ನು ಶಪಿಸುವುದು ಸುಲಭ. ಆದರೆ ನಿಯಂತ್ರಣವಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಬೈಲಿನಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಬೇಸಾಯ ಮಾಡಬೇಕು, ಮನೆ ಎತ್ತರದಲ್ಲಿರಬೇಕು ಎಂಬ ಅರಿವು ಅದರಲ್ಲಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಬೈಲಿಗೆ ಮಣ್ಣು ತುಂಬಿಸಿ ಕಟ್ಟಡ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು? 2018ರ ಮೇ 29ರ ಮಳೆಗೆ ಮಂಗಳೂರಿನ ರಸ್ತೆ, ಮನೆಗಳಿಗೆ ನೀರು ನುಗ್ಗಿದಾಗ ಈ ಪ್ರಶ್ನೆ ಎಲ್ಲರ ಬಾಯಲ್ಲೂ ಇತ್ತು. ಬೈಲಿಗೆ ಮಣ್ಣು ಹಾಕಿದವರಲ್ಲಿ ನಮ್ಮವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಸಂಸ್ಥೆಗಳು ಕಟ್ಟಡ ಕಟ್ಟುವಾಗಲೂ ಇದೇ ನಿಯಮ ಅನ್ವಯಿಸಬೇಕು.

ಯೋಜನೆಯಿಂದ ಕೃಷಿ ಭೂಮಿ ಉಳಿಸಬಹುದೆಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ತಾಗಿಕೊಂಡಿರುವ ಮಾಂಟ್ಗೊಮೆರಿ ಕೌಂಟಿ ನಮ್ಮ ಜಿಲ್ಲೆಯಂಥ ಒಂದು ಆಡಳಿತ ಘಟಕ. 1980ರಲ್ಲಿ ಅದು ತನ್ನ ಭೂಮಿಯ ಸುಮಾರು ಮೂರನೇ ಒಂದು ಭಾಗವನ್ನು, ಅಂದರೆ ಸುಮಾರು 93,000 ಎಕರೆಯನ್ನು ಕೃಷಿಗೆ ಮೀಸಲಿಟ್ಟಿತು. ಅಲ್ಲಿ 25 ಎಕರೆಗೆ ಒಂದೇ ಮನೆ. ಆದರೆ ರೈತನ ಕೈ ಖಾಲಿ ಮಾಡಲಿಲ್ಲ. ಅವನು ತನ್ನ ಕಟ್ಟಡದ ಹಕ್ಕನ್ನು ಬೇರೆಡೆ ಕಟ್ಟಡ ಕಟ್ಟುವವರಿಗೆ ಮಾರಲು ಅವಕಾಶ ಕೊಟ್ಟಿತು. ಯೋಜನೆಗೆ ಅಂತಿಮ ಒಪ್ಪಿಗೆ ಕೊಡುವುದು ಅಲ್ಲಿನ ಜನರು ಆರಿಸಿದ ಕೌಂಟಿ ಪರಿಷತ್ತು. ಎಲ್ಲರ ಹಿತಕ್ಕಾಗಿ ಹಸಿರು ಉಳಿಸುವುದಾದರೆ ಅದರ ಬೆಲೆಯನ್ನು ರೈತನೊಬ್ಬನೇ ತೆರಬಾರದು ಎಂಬ ನ್ಯಾಯ ಇದರಲ್ಲಿದೆ.

ಎಲ್ಲಿ ಎಡವುತ್ತಿದೆ?

ನಮ್ಮಲ್ಲಿ ಸಮಸ್ಯೆ ಮೂರು ಕಡೆ ಇದೆ. ಒಂದು, ಅಧಿಕಾರ ಇರಬೇಕಾದಲ್ಲಿ ಇಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರ ಯೋಜನೆಯನ್ನೂ ಭೂ ಬಳಕೆಯ ನಿಯಂತ್ರಣವನ್ನೂ ಚುನಾಯಿತ ನಗರಾಡಳಿತಕ್ಕೆ ಸೇರಬೇಕಾದ ವಿಷಯಗಳ ಪಟ್ಟಿಯ ಮೊದಲೆರಡು ಸ್ಥಾನಗಳಲ್ಲಿ ಇಟ್ಟಿತು. ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರಾಗಿರಬೇಕೆಂದೂ ಹೇಳಿತು. ಆದರೆ ನಮ್ಮ ಜಾಗದ ಬಣ್ಣ ನಿರ್ಧರಿಸುವ ಪ್ರಾಧಿಕಾರದ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರಕಾರ. ಮತದಾರನಿಗೆ ಅವರು ನೇರವಾಗಿ ಉತ್ತರ ಕೊಡಬೇಕಾಗಿಲ್ಲ.

ಎರಡು, ಸಮಯಕ್ಕೆ ಬೆಲೆಯಿಲ್ಲ. ಹತ್ತು ವರ್ಷಕ್ಕೊಮ್ಮೆಯಾದರೂ ಮಹಾ ಯೋಜನೆಯನ್ನು ಪರಿಷ್ಕರಿಸಬೇಕೆಂದು 1961ರ ಕಾಯ್ದೆ ಹೇಳುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಅನುಮೋದನೆಗೊಂಡ, 2015ರವರೆಗಿನ ಯೋಜನೆ ಆ ವರ್ಷ ಕಳೆದ ಮೇಲೂ ಜಾರಿಯಲ್ಲೇ ಉಳಿಯಿತು. 2031ರ ಕರಡು 2017ರ ನವೆಂಬರಿನಲ್ಲಿ ಪ್ರಕಟವಾಗಿ, ಬಳಿಕ ಹಿಂತೆಗೆಯಲ್ಪಟ್ಟಿತು. ನಕ್ಷೆ ಹಳತಾದಾಗ, ಒಂದೊಂದೇ ಜಾಗದ ಬಳಕೆ ಬದಲಾಯಿಸುವ 14ಎ ಕಲಮಿಗೆ ಮೊರೆಹೋಗುವವರು ಹೆಚ್ಚುತ್ತಾರೆ. ಆ ಬಾಗಿಲನ್ನು ಹಣ, ಪರಿಚಯ ಇದ್ದವರಿಗೆ ತಟ್ಟುವುದು ಸುಲಭ, ಹತ್ತು ಸೆಂಟ್ಸಿನವನಿಗೆ ಕಷ್ಟ.

ಮೂರು, ನಿಯಮದ ಮೇಲೆ ನಿಯಮ. ಸಮುದ್ರ, ಅಳಿವೆ, ಉಪ್ಪುನೀರಿನ ಹೊಳೆಯ ಬದಿಯಲ್ಲಿ ಇರುವವರಿಗೆ ಸಿಆರ್‌ಝಡ್ ಕೂಡ ಅನ್ವಯಿಸುತ್ತದೆ. 2019ರ ಅಧಿಸೂಚನೆಯ ಪ್ರಕಾರ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ಪ್ರದೇಶಗಳಲ್ಲಿ ಭರತರೇಖೆಯಿಂದ 50 ಮೀಟರ್, ಕಡಿಮೆ ಜನರಿರುವಲ್ಲಿ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. ಜನರಿಗೆ ಈ ಎರಡು ನಕ್ಷೆಗಳನ್ನು ಒಟ್ಟಿಗೆ ತೋರಿಸಿ ವಿವರಿಸುವವರು ವಿರಳ.

ಅರುವತ್ತು ದಿನಗಳು

ಸರಕಾರ ತಾತ್ಕಾಲಿಕವಾಗಿ ಒಪ್ಪಿದ ಮಹಾ ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲು ಕಾಯ್ದೆ ಕೊಟ್ಟಿರುವ ಅವಧಿ 60 ದಿನ. 14ಎ ಬದಲಾವಣೆಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕಾದ ಅವಧಿ ಕನಿಷ್ಠ 15 ದಿನ. ನಮ್ಮ ಹೆಸರಿನಲ್ಲಿ ಕೇಳಲಾಗುವ ಪ್ರಶ್ನೆಗೆ ಉತ್ತರ ಕೊಡುವ ಅವಕಾಶ ಇಷ್ಟೇ. ಅದು ಕಳೆದ ಮೇಲೆ ವಕೀಲರು, ನ್ಯಾಯಾಲಯ, ವರ್ಷಗಟ್ಟಲೆ ಅಲೆದಾಟ.

ಈ ಅವಧಿಯನ್ನು ನಾವು ವ್ಯರ್ಥವಾಗಲು ಬಿಡಬಾರದು. ಚರ್ಚ್ ಪಾಲನಾ ಮಂಡಳಿಯಲ್ಲಿ ಇಬ್ಬರು ಮೂವರಿಗೆ ಈ ಜವಾಬ್ದಾರಿ ವಹಿಸಬಹುದು. ಎಂಜಿನಿಯರುಗಳು, ವಕೀಲರು, ನಿವೃತ್ತ ಕಂದಾಯ ನೌಕರರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಪ್ರಕಟಣೆ ಬಂದೊಡನೆ ಊರಿನ ನಕ್ಷೆಯ ಪ್ರತಿ ತಂದು, ವಾಳೆಯ ಗುರಿಕಾರರ ಮೂಲಕ ನೆರೆಯ ಎಲ್ಲ ಧರ್ಮದವರನ್ನೂ ಕರೆದು ತೋರಿಸಿದರೆ ಅದು ಊರಿಗೇ ಉಪಕಾರ. ಸ್ಮಶಾನ, ಶಾಲಾ ಮೈದಾನ, ಕೆರೆ, ತೋಡು ಸರಿಯಾಗಿ ಗುರುತಾಗಿವೆಯೇ, ರಸ್ತೆ ಯಾರ ಅಂಗಳದ ಮೇಲೆ ಹೋಗುತ್ತದೆ, ಬೈಲು ಹಳದಿಯಾಗಿದೆಯೇ ಎಂದು ನೋಡಬೇಕು. ಆಕ್ಷೇಪಣೆ ಲಿಖಿತವಾಗಿರಲಿ. ಸರ್ವೆ ನಂಬರ್, ಪಹಣಿ ಪ್ರತಿ ಜೊತೆಗಿರಲಿ. ಕಚೇರಿಯ ಮುದ್ರೆ ಬಿದ್ದ ಒಂದು ಪ್ರತಿ ಕೈಯಲ್ಲಿ ಇರಲಿ.

ಜಾಗ ಕೊಳ್ಳುವವರು ಬ್ರೋಕರ್ ಮಾತನ್ನು ನಂಬದೆ, ಅದು ಯಾವ ವಲಯದಲ್ಲಿದೆ ಎಂದು ಪ್ರಾಧಿಕಾರದಿಂದ ಲಿಖಿತವಾಗಿ ತಿಳಿದುಕೊಳ್ಳಲಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಉತ್ತರಿಸಲು ಸಾಮಾನ್ಯವಾಗಿ 30 ದಿನಗಳ ಗಡುವಿದೆ. ಸಾರ್ವಜನಿಕ ಉದ್ದೇಶಕ್ಕೆಂದು ಗುರುತಿಸಿದ ಖಾಸಗಿ ಜಾಗವನ್ನು ಐದು ವರ್ಷಗಳೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನ ಪ್ರಕ್ರಿಯೆಯನ್ನೂ ಆರಂಭಿಸದೆ ಹೋದರೆ ಆ ಗುರುತು ರದ್ದಾದಂತೆ ಎಂದು ಕಾಯ್ದೆಯ 69ನೇ ಕಲಮು ಹೇಳುತ್ತದೆ. ಇದನ್ನು ತಿಳಿಯದೆ ತಮ್ಮ ಜಾಗದ ಆಸೆ ಬಿಟ್ಟವರಿಗೆ ಈ ಮಾತು ತಲುಪಿಸಿ.

1974ರ ಭೂಸುಧಾರಣೆಯ ಬಳಿಕ ಗೇಣಿದಾರರಾಗಿದ್ದ ಅದೆಷ್ಟೋ ಕುಟುಂಬಗಳು ಭೂಮಿಯ ಒಡೆಯರಾದವು. ಅಂದು ಡಿಕ್ಲರೇಶನ್ ಅರ್ಜಿಯನ್ನು ಸಮಯಕ್ಕೆ ಸರಿಯಾಗಿ ಕೊಟ್ಟವರಿಗೆ ಭೂಮಿ ಸಿಕ್ಕಿತು, ಕೊಡದವರು ಕೈ ಹಿಸುಕಿಕೊಂಡರು. ಮಹಾ ಯೋಜನೆಯ ಪ್ರಕಟಣೆ ಬಂದಾಗಲೂ ಸಮಯದ ಮಾತು ಅಷ್ಟೇ ದೊಡ್ಡದು. ಮುಂದಿನ ಪ್ರಕಟಣೆ ಬಂದ ದಿನ ನಮ್ಮ ಊರಿನಲ್ಲಿ ಅದನ್ನು ಓದಿ ಹೇಳುವವರು ಯಾರೆಂದು ಈಗಲೇ ನಿಶ್ಚಯಿಸಿಕೊಳ್ಳೋಣ.