ಪೇಟಿಯ ಎತ್ತರ, ಮಗುವಿನ ಭುಜ



ಕಳೆದ ದೀಪಾವಳಿಗೆ ಬೆಂಗಳೂರಿನಿಂದ ದಾಂಡೇಲಿಗೆ ಬಂದ ಮೊಮ್ಮಗ ತನ್ನೊಡನೆ ಒಂದು ಭಾರವಾದ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಗೆಳೆಯನಿಂದ ನಾಲ್ಕು ದಿನಕ್ಕೆ ಎರವಲು ಪಡೆದದ್ದಂತೆ. ಒಳಗಿದ್ದದ್ದು ಮಿನಿಮೂಗ್ ಎಂಬ ಸಿಂಥಸೈಜರ್. ಮುಂಭಾಗದಲ್ಲಿ ನಮ್ಮ ಪೇಟಿಯಂತೆಯೇ ಕರಿ-ಬಿಳಿ ಪಟ್ಟಿಗಳು. ಅವುಗಳ ಹಿಂದೆ ತಿರುವುವ ಗುಂಡಿಗಳಿಂದ ತುಂಬಿದ ಒಂದು ಫಲಕ. ಹುಡುಗ ಅದನ್ನು ಊಟದ ಮೇಜಿನ ಮೇಲಿಟ್ಟು ನುಡಿಸತೊಡಗಿದ. ಒಂದು ಗುಂಡಿ ತಿರುಗಿಸಬೇಕಾದಾಗಲೆಲ್ಲ ಕುತ್ತಿಗೆ ಚಾಚಿ ಬಗ್ಗುತ್ತಿದ್ದ. ನನ್ನೊಳಗಿನ ಮಾಸ್ತರ ಸುಮ್ಮನಿರಲಾರದೆ, "ಬೆನ್ನು ನೆಟ್ಟಗೆ ಮಾಡಿ ಕುಳಿತುಕೋ" ಎಂದೆ.

ಅವನು ನಕ್ಕ. "ಅಜ್ಜ, ನೆಟ್ಟಗೆ ಮಾಡಬೇಕಾದದ್ದು ನನ್ನ ಬೆನ್ನಲ್ಲ, ಇದು" ಎನ್ನುತ್ತ ಮಲಗಿದ್ದ ಫಲಕವನ್ನು ಎರಡೂ ಕೈಗಳಿಂದ ಮೇಲೆತ್ತಿ, ಹಿಂದೆ ಆಧಾರ ಕೊಟ್ಟು ಓರೆಯಾಗಿ ನಿಲ್ಲಿಸಿದ. ಗುಂಡಿಗಳೂ ಅವುಗಳ ಸುತ್ತ ಬರೆದ ಅಂಕಿಗಳೂ ಅವನ ಕಣ್ಣಿಗೆ ಎದುರಾದವು. ಕುತ್ತಿಗೆ ತಾನಾಗಿಯೇ ನೆಟ್ಟಗಾಯಿತು.

ಆ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಆ ವಾದ್ಯದ ಕಥೆಯನ್ನು ಮೊಮ್ಮಗನಿಂದಲೇ ಕೇಳಿದೆ. ಅಮೆರಿಕದ ರಾಬರ್ಟ್ ಮೂಗ್ ಅವರ ಸಂಸ್ಥೆ ಮೊದಲು ತಯಾರಿಸುತ್ತಿದ್ದ ಸಿಂಥಸೈಜರುಗಳು ಕಪಾಟಿನಂತೆ ದೊಡ್ಡವು. ಅವುಗಳ ಭಾಗಗಳನ್ನು ತಂತಿಗಳಿಂದ ಜೋಡಿಸಿಕೊಳ್ಳಬೇಕಿತ್ತು. 1970ರಲ್ಲಿ ಬಂದ ಮಿನಿಮೂಗ್ 44 ಪಟ್ಟಿಗಳ, ಒಬ್ಬನೇ ಹೊತ್ತೊಯ್ಯಬಹುದಾದ ವಾದ್ಯ. ಫಲಕವನ್ನು ಮಲಗಿಸಿದರೆ ಸಾಗಿಸಲು ಸುಲಭ, ಎತ್ತಿದರೆ ನುಡಿಸಲು ಸುಲಭ. ಎಷ್ಟು ಎತ್ತಬೇಕೆಂಬುದು ನುಡಿಸುವವನಿಗೆ ಬಿಟ್ಟದ್ದು. ನಿಂತು ನುಡಿಸುವವನು ಮೇಲಿನಿಂದ ನೋಡುತ್ತಾನೆ, ಆತನಿಗೆ ಸ್ವಲ್ಪ ಓರೆ ಸಾಕು. ಕುಳಿತವನ ದೃಷ್ಟಿ ತಗ್ಗಿನಲ್ಲಿರುತ್ತದೆ, ಅವನಿಗೆ ಹೆಚ್ಚು ನೆಟ್ಟಗೆ ಬೇಕು. ತಲೆಯ ಮೇಲಿನ ದೀಪ ಫಲಕದಲ್ಲಿ ಹೊಳೆದು ಅಂಕಿಗಳು ಕಾಣದಿದ್ದರೆ ಮತ್ತೆ ತುಸು ಬದಲಿಸಬೇಕು. ಎತ್ತುವ ಮೊದಲು ಹಿಂದಿನ ತಂತಿಗಳು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಇವೆಲ್ಲಕ್ಕೂ ಮೊದಲು ಕುರ್ಚಿ ಮತ್ತು ಮೇಜಿನ ಎತ್ತರ: ಭುಜ ಸಡಿಲವಾಗಿದ್ದು, ಮೊಣಕೈ ಪಟ್ಟಿಗಳ ಮಟ್ಟಕ್ಕೆ ಬಂದು, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯದೆ ನೇರವಾಗಿರಬೇಕು. ನಮ್ಮ ಊಟದ ಮೇಜು ಎತ್ತರವಾಯಿತೆಂದು ಅವನು ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡ.

ಇದು ಪರದೇಶದ ಜಾಣ್ಮೆಯೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಮನೆಗಳ ವ್ಯಾಸಪೀಠ ಮಾಡುವುದೂ ಇದೇ ಕೆಲಸವನ್ನಲ್ಲವೇ? ಪುಸ್ತಕವನ್ನು ಓದುವವನ ಕಡೆಗೆ ಓರೆ ಮಾಡಿ, ಕುತ್ತಿಗೆಯನ್ನು ಉಳಿಸುತ್ತದೆ. ಮುಂಡಗೋಡದ ಟಿಬೆಟನ್ ಮಠಗಳಲ್ಲಿ ಊದುವ ಉದ್ದನೆಯ ಕಹಳೆಯ ತುದಿಯನ್ನು ನೆಲಕ್ಕೋ ಆಧಾರಕ್ಕೋ ಊರಿರುತ್ತಾರೆ. ಅಷ್ಟು ಭಾರವನ್ನು ಹೊರುವುದು ಊದುವವನ ಕೆಲಸವಲ್ಲ. ನಮ್ಮ ಪೇಟಿಯ ಚರಿತ್ರೆಯಂತೂ ಇದಕ್ಕೆ ಒಳ್ಳೆಯ ಸಾಕ್ಷಿ. ಯುರೋಪಿನಿಂದ ಬಂದ ಹಾರ್ಮೋನಿಯಂ ಕುರ್ಚಿಯಲ್ಲಿ ಕುಳಿತು, ಕಾಲಿನಿಂದ ಗಾಳಿ ತುಂಬಿ ನುಡಿಸುವಂಥದ್ದು. ಕಂಪನಿ ನಾಟಕಗಳ ಕಾಲುಪೇಟಿ ಹಿರಿಯರಿಗೆ ನೆನಪಿರಬಹುದು. 19ನೇ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೇಟಿಯಾಗಿ ರೂಪಿಸಿದರು. ಒಂದು ಕೈ ಭಾತೆಗೆ ಮೀಸಲಾಯಿತೆಂಬುದು ನಷ್ಟವೇ. ಆದರೂ ಚಾಪೆಯ ಮೇಲೆ ಹಾಡುವ ನಮ್ಮ ಜನರ ಕೂರುವ ರೀತಿಗೆ ವಾದ್ಯವೇ ಬಗ್ಗಿ ಬಂದಿತು.

ಇಷ್ಟೆಲ್ಲ ಹೇಳುವ ನಾನು ಮಾಡಿದ್ದೇನು?

1984ರ ಸುಮಾರಿಗೆ ಹಳಿಯಾಳ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ನಮ್ಮ ಶಾಲೆಯ ಪೇಟಿಯನ್ನು ಒಂದು ಎತ್ತರದ ಮೇಜಿನ ಮೇಲೆ ಇಟ್ಟಿದ್ದೆವು. ಪ್ರಾರ್ಥನೆಯ ವೇಳೆಗೆ ಅದೇ ಅನುಕೂಲ, ಅಂದರೆ ನನಗೆ ಅನುಕೂಲ. ಐದನೆಯ ತರಗತಿಯ ಒಬ್ಬ ಹುಡುಗಿಗೆ ಸ್ವರಜ್ಞಾನ ಅಪರೂಪದ್ದಾಗಿತ್ತು. ಒಮ್ಮೆ ಕೇಳಿದ್ದನ್ನು ಬೆರಳಿಗೆ ತರುತ್ತಿದ್ದಳು. ಆದರೆ ಮೇಜು ಅವಳ ಎದೆಯ ಮಟ್ಟಕ್ಕಿತ್ತು. ಭುಜ ಎತ್ತಿ, ಮಣಿಕಟ್ಟು ಮಡಚಿ ನುಡಿಸುತ್ತಿದ್ದಳು. ನಾನು ದಿನವೂ ಗದರಿಸಿದೆ: "ಭುಜ ಇಳಿಸು, ನೆಟ್ಟಗೆ ನಿಲ್ಲು." ಮಳೆಗಾಲ ಮುಗಿಯುವುದರೊಳಗೆ ಅವಳು ಪೇಟಿಯ ಬಳಿ ಬರುವುದನ್ನೇ ಬಿಟ್ಟಳು. ಶ್ರದ್ಧೆ ಸಾಲದೆಂದು ನಾನು ತೀರ್ಮಾನಿಸಿದೆ. ಬಳಿಕ ನನಗೆ ಜೋಯಿಡಾಕ್ಕೆ ವರ್ಗವಾಯಿತು, ಮರೆತೆ.

ಮೂರು ವರ್ಷಗಳ ಹಿಂದೆ ದಾಂಡೇಲಿಯ ಸಂತೆಯಲ್ಲಿ ಒಬ್ಬ ಹೆಂಗಸು ಕಾಲುಮುಟ್ಟಿ ನಮಸ್ಕರಿಸಿದಳು. ಅವಳೇ. ಪೇಟಿಯ ಮಾತು ತೆಗೆದೆ. "ಮಾಸ್ತರರೇ, ರಾಗ ಬರುತ್ತಿತ್ತು, ಭುಜ ನೋಯುತ್ತಿತ್ತು. ನಿಮಗೆ ಹೇಳಲು ಹೆದರಿಕೆ" ಎಂದು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಒಂದು ಮಣೆ ಸಾಕಿತ್ತು. ಶಾಲೆಯ ಅಡುಗೆ ಕೋಣೆಯಲ್ಲಿ ಎರಡು ಮಣೆಗಳಿದ್ದವು.

ಸಾಧನೆಯೆಂದರೆ ನೋವನ್ನು ನುಂಗುವುದು, ಅನುಕೂಲ ಹುಡುಕುವವನು ಕಲಿಯಲಾರ ಎನ್ನುವವರಿದ್ದಾರೆ; ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ನನ್ನ ಅಭಿಪ್ರಾಯ ಬೇರೆ. ಹೊಸ ಪಾಠದಿಂದ ಬೆರಳು ದಣಿಯುವುದು ಕಲಿಕೆಯ ಭಾಗ. ಅದು ಅಭ್ಯಾಸದಿಂದ ಕಡಿಮೆಯಾಗುತ್ತದೆ. ಮೇಜಿನ ಎತ್ತರದಿಂದ ಬರುವ ಭುಜದ ನೋವು ಅಭ್ಯಾಸ ಹೆಚ್ಚಿದಷ್ಟೂ ಹೆಚ್ಚುತ್ತದೆ. ಮೊದಲನೆಯದನ್ನು ಸಹಿಸಲು ಕಲಿಸಬೇಕು, ಎರಡನೆಯದನ್ನು ಸರಿಪಡಿಸಬೇಕು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಮಗುವಿನ ಕೆಲಸವಲ್ಲ, ಕಲಿಸುವವನ ಕೆಲಸ. ನಾನು ಅದನ್ನು ಮಾಡಲಿಲ್ಲ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಬಹುತೇಕರು ತಾಯಿತಂದೆಯರು. ಮನೆಯಲ್ಲಿ ಕೀಬೋರ್ಡ್ ಇದ್ದರೆ ಒಮ್ಮೆ ಪಕ್ಕದಲ್ಲಿ ನಿಂತು ನೋಡಿರಿ: ಮಗುವಿನ ಭುಜ ಕಿವಿಯ ಕಡೆಗೆ ಏರಿದೆಯೇ? ಪಾದ ನೆಲಕ್ಕೆ ತಾಗಿದೆಯೇ? ಗುಂಡಿ ಕಾಣಲು ಕುತ್ತಿಗೆ ಚಾಚುತ್ತಿದೆಯೇ? ಸ್ಟ್ಯಾಂಡ್ ತಗ್ಗಿಸಿ, ಕಾಲಿಗೆ ಮಣೆ ಕೊಡಿ, ಫಲಕ ಏಳುವಂತಿದ್ದರೆ ಎತ್ತಿ. ಗದರಿಸುವುದನ್ನು ಅದರ ನಂತರಕ್ಕೆ ಇಟ್ಟುಕೊಳ್ಳಿ.

ಆ ಹೆಣ್ಣುಮಗಳ ಮೊಮ್ಮಗಳಿಗೆ ಈಗ ಆರು ವರ್ಷ, ಹಾಡುತ್ತಾಳಂತೆ. ನನ್ನ ಹಳೆಯ ಕೈಪೇಟಿಯನ್ನು ದುರಸ್ತಿಗೆ ಕೊಟ್ಟಿದ್ದೇನೆ. ಬಂದೊಡನೆ ಹಳಿಯಾಳಕ್ಕೆ ಒಯ್ಯಬೇಕು. ಜೊತೆಗೆ ಒಂದು ಮಣೆಯನ್ನೂ.

— ನಿಮ್ಮ ಮಾಸ್ತರ